ಮನೆಮಕ್ಕಳ ಮೆರಿಟ್ಟು

ಡಾಕ್ಟರು ಅಂದರೆ ನಮ್ಮ ಹಟ್ಟಿಗಳಲ್ಲಿ ಎಲ್ಲರೂ ಒಂದೇ. ಸೂಜಿ ಚುಚ್ಚುವವರೂ ಡಾಕ್ಟರೇ, ಹೊಟ್ಟೆ ಕೊಯ್ಯುವವರೂ ಡಾಕ್ಟರೇ. ಕೇರಿಯ ಒಬ್ಬ ಹುಡುಗನಿಗೋ ಹುಡುಗಿಗೋ ಎಂಬಿಬಿಎಸ್ ಸೀಟು ಸಿಕ್ಕಿತು ಅಂದರೆ ಹಟ್ಟಿಗೆ ಹಟ್ಟಿಯೇ ತಮಟೆ ಹೊಡೆದು ಕುಣಿಯುತ್ತದೆ. ಕುಣಿಯಲಿ. ತಲೆತಲಾಂತರದಿಂದ ಸತ್ತ ದನ ಹೊತ್ತ ಹೆಗಲ ಮೇಲೆ ಸ್ಟೆತಾಸ್ಕೋಪು ಬಂದರೆ ಕುಣಿಯದೆ ಇನ್ನೇನು ಮಾಡಬೇಕು? ಆದರೆ ಗೆಳೆಯರೇ, ಆ ಸೀಟು ಗುಡಿಯ ಹೊರಬಾಗಿಲು ಮಾತ್ರ. ಒಳಗೆ ಇನ್ನೂ ಎರಡು ಬಾಗಿಲುಗಳಿವೆ. ಆ ಬಾಗಿಲುಗಳ ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನುವುದನ್ನು ನಮ್ಮ ಹಳ್ಳಿಯ ಮೇಷ್ಟ್ರುಗಳೂ, ಹಾಸ್ಟೆಲ್ಲಿನ ಹುಡುಗರೂ, ಸಂಘಟನೆಯ ಕಾರ್ಯಕರ್ತರೂ ತಿಳಿದಿರಬೇಕು ಎಂದು ಇದನ್ನು ಬರೆಯುತ್ತಿದ್ದೇವೆ.

ಮೊದಲ ಬಾಗಿಲು ಎಂಬಿಬಿಎಸ್. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಹೌಸ್‌ಸರ್ಜನ್ ದುಡಿಮೆ. ಅದು ಹೊರ ಪ್ರಾಕಾರ. ಎರಡನೆಯದು ಎಂಡಿ, ಎಂಎಸ್. ಮೂರು ವರ್ಷ. ಅದು ನವರಂಗ. ಮೂರನೆಯದು ಡಿಎಂ, ಎಂಸಿಎಚ್. ಮತ್ತೆ ಮೂರು ವರ್ಷ. ಹೃದಯ, ಮಿದುಳು, ಮೂತ್ರಪಿಂಡಗಳ ತಜ್ಞರು ತಯಾರಾಗುವುದು ಇಲ್ಲಿ. ಅದು ಗರ್ಭಗುಡಿ. ಪ್ರಾಕಾರಕ್ಕೆ ನಮ್ಮನ್ನು ಬಿಟ್ಟಿದ್ದಾರೆ. ನವರಂಗದ ಕಂಬದ ಮರೆಯಲ್ಲಿ ನಿಲ್ಲುವುದಕ್ಕೂ ಬಿಟ್ಟಿದ್ದಾರೆ. ಗರ್ಭಗುಡಿಯ ಬಾಗಿಲಿಗೆ ಮಾತ್ರ ಇವತ್ತಿಗೂ ಒಂದು ಬೋರ್ಡು ನೇತುಹಾಕಿದ್ದಾರೆ: ಇಲ್ಲಿ ಮೀಸಲಾತಿ ಇಲ್ಲ.

ಈ ಮೂರೂ ಬಾಗಿಲುಗಳಲ್ಲಿ ಕೇಳುವ ಒಂದು ಮಾತು ಮೆರಿಟ್ಟು. ಕೇಳದೆ ಕೆಲಸ ಮಾಡುವ ಇನ್ನೊಂದು ಮಾತು ಹೆಸರು. ಯಾವ ಕಾಲೇಜು ನಿಮ್ಮದು? ಹಳ್ಳಿಯಲ್ಲಿ 'ಯಾರ ಪೈಕಿ ನೀನು?' ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಗೂ ಈ ಪ್ರಶ್ನೆಗೂ ಧ್ವನಿಯಲ್ಲಿ ಏನೂ ವ್ಯತ್ಯಾಸವಿಲ್ಲ.

ವಿಷಯಗಳಲ್ಲೂ ವರ್ಣಾಶ್ರಮ

ಕಾಯಿಲೆಗೆ ಜಾತಿಯಿಲ್ಲ ಅನ್ನುತ್ತಾರೆ. ನಿಜ. ಆದರೆ ಕಾಯಿಲೆ ವಾಸಿಮಾಡುವ ವಿಷಯಗಳಿಗೆ ಜಾತಿಯಿದೆ. ಪಿಜಿ ಪರೀಕ್ಷೆಯಲ್ಲಿ ಮೇಲಿನ ರ‍್ಯಾಂಕು ಬಂದವರು ಮೊದಲು ಎತ್ತಿಕೊಳ್ಳುವುದು ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್. ಕೊನೆಗೆ ಉಳಿಯುವುದು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಶವಪರೀಕ್ಷೆಯ ವಿಧಿವಿಜ್ಞಾನ, ಸಮುದಾಯ ವೈದ್ಯ. ರಾತ್ರಿ ನಿದ್ದೆ ಕೆಡದೆ, ರಕ್ತ ಮುಟ್ಟದೆ, ದುಡ್ಡು ಹೆಚ್ಚು ಬರುವುದು ಮೇಲೆ. ಹೆಣ ಮುಟ್ಟುವುದು, ಬಡವರ ಚರಂಡಿ ಬಾವಿ ನೋಡುವುದು ಕೆಳಗೆ. ಈ ಏಣಿಯನ್ನು ಎಲ್ಲೋ ನೋಡಿದ ಹಾಗಿದೆಯಲ್ಲವೇ?

ಸಮುದಾಯ ವೈದ್ಯ ಅಂದರೆ ಕ್ಷಯ ಯಾಕೆ ನಮ್ಮ ಕೇರಿಗೇ ಬರುತ್ತದೆ, ಬಾಣಂತಿ ಯಾಕೆ ನಮ್ಮ ಮನೆಯಲ್ಲೇ ಸಾಯುತ್ತಾಳೆ ಎಂದು ಕೇಳುವ ಶಾಸ್ತ್ರ. ದೇಶಕ್ಕೆ ಅತಿ ಬೇಕಾದ ಆ ಶಾಸ್ತ್ರ ಯಾರೂ ಬೇಡವೆಂದು ಬಿಟ್ಟ ಎಂಜಲೆಲೆಯಂತೆ ಬಿದ್ದಿದೆ. ಇನ್ನು ಶವಾಗಾರದ ಮಾತು. ಸರ್ಟಿಫಿಕೇಟಿಗೆ ಸಹಿ ಹಾಕುವವರು ಡಾಕ್ಟರು. ಅನೇಕ ಕಡೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೆಣ ಕೊಯ್ಯುವವನು, ಹೊಲಿಯುವವನು ನಮ್ಮವನು. ಕತ್ತಿ ಅವನ ಕೈಯಲ್ಲಿ, ವಿದ್ಯೆ ಇವರ ಹೆಸರಲ್ಲಿ. ಎಷ್ಟು ಸಾವಿರ ಹೆಣ ಕೊಯ್ದರೂ ಅವನಿಗೆ ಮೆರಿಟ್ಟು ಬರುವುದಿಲ್ಲ. ಅವನ ಮಗ ಅದೇ ಕತ್ತಿಯನ್ನು ಜೀವ ಇರುವ ದೇಹದ ಮೇಲೆ ಹಿಡಿಯುತ್ತೇನೆ ಅಂದರೆ ಆಗ ಮಾತ್ರ ದೇಶದ ಗುಣಮಟ್ಟ ಕುಸಿದುಹೋಗುತ್ತದೆ.

ಬಡಿಸುವವನು ನಮ್ಮವನಾದರೆ

'ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಸರಿ' ಎಂದು ಗಾದೆ. ದೆಹಲಿಯ ಏಮ್ಸ್‌ನಲ್ಲಿ ಈ ಗಾದೆ ವರ್ಷಗಟ್ಟಲೆ ಕಾನೂನೇ ಆಗಿತ್ತು.

1956ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. ನಮ್ಮ ನಿಮ್ಮೆಲ್ಲರ ತೆರಿಗೆಯಿಂದ ಬೆಳೆದದ್ದು. ಅಲ್ಲಿ ಎಂಬಿಬಿಎಸ್ ಓದಿದವರು ದೇಶದಲ್ಲೇ ಬುದ್ಧಿವಂತರು ಎಂದು ಪ್ರತೀತಿ. ಹಾಗಿದ್ದ ಮೇಲೆ ಪಿಜಿ ಪರೀಕ್ಷೆಯಲ್ಲಿ ಅವರು ಎಲ್ಲರನ್ನೂ ಹಿಂದೆ ಹಾಕಿ ಮೊದಲು ಬರಬೇಕಲ್ಲ? ಬರಲಿಲ್ಲ. ಅದಕ್ಕೇ ಪಿಜಿ ಸೀಟುಗಳಲ್ಲಿ ನೂರಕ್ಕೆ 33ನ್ನು ಸಂಸ್ಥೆಯ ಸ್ವಂತ ಮಕ್ಕಳಿಗೆ ಎತ್ತಿಟ್ಟಿದ್ದರು. ಅಲ್ಲಿ ಎಂಬಿಬಿಎಸ್ ಮುಗಿಸುವವರು ವರ್ಷಕ್ಕೆ ಕೆಲವೇ ಮಂದಿ. ಆದ್ದರಿಂದ ಒಳಗಿದ್ದವರಿಗೆ ಸೀಟು ಬಹುಪಾಲು ಖಾತ್ರಿ. ಇದಕ್ಕೆ ಮೀಸಲಾತಿ ಎಂದು ಯಾರೂ ಮೂಗು ಮುರಿಯಲಿಲ್ಲ. ಇದರಿಂದ ರೋಗಿಗಳು ಸಾಯುತ್ತಾರೆ ಎಂದು ಯಾವ ಪತ್ರಿಕೆಯೂ ಸಂಪಾದಕೀಯ ಬರೆದು ಅಳಲಿಲ್ಲ.

ವಿಷಯ ಕೋರ್ಟಿಗೆ ಹೋಯಿತು. ದೆಹಲಿ ಹೈಕೋರ್ಟು ಈ ಕೋಟಾವನ್ನು ತಳ್ಳಿಹಾಕಿತು. ವಿದ್ಯಾರ್ಥಿ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2001ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ಇದು ಸಮಾನತೆಗೆ ವಿರುದ್ಧ ಎಂದು ಹೇಳಿ ರದ್ದು ಮಾಡಿತು. ಆ ಮೊಕದ್ದಮೆಯಲ್ಲಿ ಹೊರಬಿದ್ದ ಅಂಕಗಳನ್ನು ನಮ್ಮ ಹುಡುಗರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. 1996ರ ಜನವರಿಯ ಪರೀಕ್ಷೆಯಲ್ಲಿ ನೂರಕ್ಕೆ 46 ಚಿಲ್ಲರೆ ಪಡೆದ ಮನೆಮಗನಿಗೆ ಪಿಜಿ ಸೀಟು ಸಿಕ್ಕಿತು. 60 ದಾಟಿದ ಪರಿಶಿಷ್ಟ ಜಾತಿಯ ಅಭ್ಯರ್ಥಿಗೆ ಸಿಗಲಿಲ್ಲ. ಇನ್ನೊಮ್ಮೆ ಓದಿ. ಅರವತ್ತು ದಾಟಿದವನು ಹೊಲೆಯ ಮಾದಿಗ ಆದದ್ದಕ್ಕೆ ಮೆರಿಟ್ಟಿಲ್ಲದವನು. ನಲವತ್ತಾರರವನು ಹೆಸರಾಂತ ಕಾಲೇಜಿನವನಾದದ್ದಕ್ಕೆ ಮೆರಿಟ್ಟಿನ ಖನಿ!

ಆ ಕಾಲೇಜಿನ ಒಳಗೆ ದಲಿತ ಹುಡುಗರೂ ಇದ್ದರಲ್ಲ, ಅವರಿಗೂ ಲಾಭವಾಗುತ್ತಿತ್ತಲ್ಲ ಎಂದು ಕೆಲವು ಜಾಣರು ಕೇಳುತ್ತಾರೆ. ಇದ್ದರು, ಕೈಬೆರಳಲ್ಲಿ ಎಣಿಸುವಷ್ಟು. ಆ ನಾಲ್ಕು ಹುಡುಗರನ್ನು ಬಾಗಿಲಲ್ಲಿ ತೋರಣ ಕಟ್ಟಿ, ದೇಶದ ಉಳಿದ ಕಾಲೇಜುಗಳಲ್ಲಿ ಓದಿ ಅರವತ್ತು ದಾಟಿದ ದಲಿತರನ್ನು ಹೊರಗಟ್ಟುವುದಕ್ಕೆ ಲಾಭ ಎನ್ನುತ್ತೀರಾ?

ಈಗ ತಮಾಷೆ ನೋಡಿ. 2001ರಲ್ಲಿ ತಮ್ಮ ಸ್ವಂತ ಕೋಟಾ ಕಳೆದುಕೊಂಡ ಆ ಸಂಸ್ಥೆಯ ಅಂಗಳವೇ ಐದು ವರ್ಷಕ್ಕೆ, 2006ರಲ್ಲಿ, ಹಿಂದುಳಿದವರ ನೂರಕ್ಕೆ 27 ಮೀಸಲಾತಿಯ ವಿರುದ್ಧದ ಚಳವಳಿಯ ಕೇಂದ್ರವಾಯಿತು. ಭಾವೀ ಡಾಕ್ಟರುಗಳು ಬಿಳಿ ಕೋಟು ಹಾಕಿಕೊಂಡೇ ಪೊರಕೆ ಹಿಡಿದು ಬೀದಿ ಗುಡಿಸಿದರು, ಬೂಟು ಪಾಲಿಶ್ ಮಾಡಿದರು. ಪ್ರತಿಭಟನೆಯಂತೆ! ಅಣ್ಣಗಳಿರಾ, ನೀವು ಒಂದು ಗಂಟೆ ಮಾಡಿದ್ದು ಪ್ರತಿಭಟನೆಯಾದರೆ, ನಮ್ಮವ್ವ ನಮ್ಮಪ್ಪ ಜೀವಮಾನವೆಲ್ಲ ಮಾಡಿದ್ದು ಏನು? ನಿಮ್ಮ ಪೊರಕೆ ಹೇಳಿದ್ದು ಇಷ್ಟೇ: ಈ ಕೆಲಸ ನಿಮ್ಮದು, ಆ ಕೆಲಸ ನಮ್ಮದು, ಅದಲುಬದಲು ಮಾಡಬೇಡಿ. ಮನು ಇದಕ್ಕಿಂತ ಹೆಚ್ಚಿಗೆ ಏನು ಹೇಳಿದ್ದ?

ಅದೇ ಗಲಾಟೆಯ ನಂತರ ಸರ್ಕಾರ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. 2007ರಲ್ಲಿ ಅದರ ವರದಿ ಬಂತು. ಪರಿಶಿಷ್ಟ ವಿದ್ಯಾರ್ಥಿಗಳು ಹಾಸ್ಟೆಲ್ಲುಗಳಲ್ಲಿ ಬೇರೆಯಾಗಿ ಗುಂಪುಗೂಡಿ ಬದುಕಬೇಕಾದದ್ದು, ಉಪಾಧ್ಯಾಯರು ಅವರನ್ನು ದೂರ ಇಡುವುದು, ಒಳಪರೀಕ್ಷೆಯಲ್ಲಿ ಅಂಕ ಕೊಡುವಾಗಿನ ತಾರತಮ್ಯ, ಎಲ್ಲವೂ ಅದರಲ್ಲಿ ದಾಖಲಾಯಿತು. ಹೊಲಗೇರಿ ಬಿಟ್ಟು ದೆಹಲಿಗೆ ಹೋದ ಹುಡುಗ ಅಲ್ಲಿ ಕಂಡದ್ದು ಸಿಮೆಂಟಿನ ಹೊಲಗೇರಿ.

ಬಾಗಿಲು ಮುಚ್ಚಿತೇ?

2001ಕ್ಕೆ ಮನೆಮಕ್ಕಳ ಕತೆ ಮುಗಿಯಿತು ಅಂದುಕೊಳ್ಳಬೇಡಿ. ಅದೇ ತೀರ್ಪು 'ಮೀಸಲಾತಿ' ಬೇಡ, ಮಿತಿ ಹಾಕಿದ 'ಆದ್ಯತೆ' ಇರಬಹುದು ಎಂದು ಒಂದು ಕಿಂಡಿ ಬಿಟ್ಟಿತ್ತು. 2003ರಲ್ಲಿ ಐವರು ನ್ಯಾಯಾಧೀಶರ ಪೀಠ ಪಿಜಿ ಸೀಟುಗಳಲ್ಲಿ ನೂರಕ್ಕೆ 50ರವರೆಗೆ ಸಂಸ್ಥೆಯ ಆದ್ಯತೆ ಇರಬಹುದು ಎಂದಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಿಜಿಯಲ್ಲಿ ವಾಸಸ್ಥಳದ ಮೀಸಲಾತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಆದರೆ ಸಂಸ್ಥೆಯ ಆದ್ಯತೆ ತಕ್ಕಮಟ್ಟಿಗೆ ಇರಬಹುದು ಎಂದು ಮತ್ತೆ ಒಪ್ಪಿತು. ಅಂದರೆ ನೀವು ಯಾವ ನೆಲದಲ್ಲಿ ಹುಟ್ಟಿದಿರಿ ಎಂಬುದು ಲೆಕ್ಕಕ್ಕಿಲ್ಲ, ಯಾವ ಕಾಲೇಜಿನಲ್ಲಿ ಕೂತಿದ್ದಿರಿ ಎಂಬುದು ಲೆಕ್ಕಕ್ಕಿದೆ.

ಇದಕ್ಕೆ ಕೊಡುವ ಕಾರಣ: ಅಲ್ಲೇ ಓದಿದವರಿಗೆ ಆ ಆಸ್ಪತ್ರೆಯ ಪರಿಚಯ ಇರುತ್ತದೆ, ಓದು ಕಡಿಯದೆ ಮುಂದುವರಿಯುತ್ತದೆ. ಚೆನ್ನಾಗಿದೆ. ಹಾಗಾದರೆ ಆಸ್ಪತ್ರೆಯ ಗೋಡೆಯ ಪರಿಚಯಕ್ಕೆ ಆದ್ಯತೆ ಇರುವಾಗ, ಆಸ್ಪತ್ರೆಗೆ ಬರುವ ಜನರ ಪರಿಚಯಕ್ಕೆ ಯಾಕಿಲ್ಲ? ಜಿಲ್ಲಾಸ್ಪತ್ರೆಯ ಜಗಲಿಯ ಮೇಲೆ ಟವಲ್ಲು ಹಾಸಿ ಮಲಗಿರುವವರು ಯಾರು? ಅವರ ಮಾತು, ಅವರ ಊಟ, ಅವರ ದುಡಿಮೆ, ಅವರ ಹಸಿವು ಗೊತ್ತಿರುವ ಡಾಕ್ಟರು ಯಾವ ಕೇರಿಯಿಂದ ಬರಬೇಕು? ಇದೂ ಪರಿಚಯವೇ ಅಲ್ಲವೇ ಸ್ವಾಮಿ?

ಎಲ್ಲರಿಗೂ ಒಂದೇ ಪರೀಕ್ಷೆ ಇದೆಯಲ್ಲ, ನೀಟ್ ಪಿಜಿಯಲ್ಲಿ ಕಾಲೇಜಿನ ಹೆಸರನ್ನು ಯಾರು ನೋಡುತ್ತಾರೆ ಎಂದು ಇನ್ನು ಕೆಲವರು ಕೇಳುತ್ತಾರೆ. ಹಾಳೆಯ ಮೇಲೆ ಯಾರೂ ನೋಡುವುದಿಲ್ಲ, ಒಪ್ಪಿದೆವು. ಆ ಹಾಳೆಯ ಹಿಂದೆ ಏನಿದೆ ಎಂದು ನೋಡಿ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಪಕ್ಕದ ಮಂಚದವನು ಓದುತ್ತಿರುತ್ತಾನೆ, ಮೇಲಿನ ವರ್ಷದವನು ಯಾವ ಪುಸ್ತಕ ಎಂದು ಹೇಳಿಕೊಡುತ್ತಾನೆ, ಪಕ್ಕದ ರಸ್ತೆಯಲ್ಲೇ ಕೋಚಿಂಗ್ ಸೆಂಟರು. ರಾಯಚೂರು, ಬೀದರ್, ಯಾದಗಿರಿ, ಚಾಮರಾಜನಗರದಂಥ ಜಿಲ್ಲೆಯ ಹೊಸ ಕಾಲೇಜಿನ ಹುಡುಗಿಗೆ ಆ ರಸ್ತೆ ಎಲ್ಲಿದೆ? ಹೌಸ್‌ಸರ್ಜನ್ ವರ್ಷದಲ್ಲಿ ಅವಳು ಹೆರಿಗೆ ವಾರ್ಡಿನಲ್ಲಿ ರಾತ್ರಿಯೆಲ್ಲ ನಿಂತು, ಗಾಯ ಹೊಲಿದು, ಬೆಳಗ್ಗೆ ಬಂದು ಬಿದ್ದುಕೊಳ್ಳುವ ಹೊತ್ತಿಗೆ, ಅಪ್ಪನ ದುಡ್ಡಿರುವವನು ಒಂದು ವರ್ಷ ಎಲ್ಲೂ ಕೆಲಸ ಮಾಡದೆ ರೂಮು ಮಾಡಿಕೊಂಡು ಓದುತ್ತಿರುತ್ತಾನೆ. ಇವಳು ಮನೆಗೆ ದುಡ್ಡು ಕಳಿಸಬೇಕು. ತಮ್ಮನ ಫೀಜು, ಅಪ್ಪನ ಸಾಲ. ಎರಡು ನೂರು ಹೆರಿಗೆ ಮಾಡಿಸಿದವಳಿಗಿಂತ ಎರಡು ಸಾವಿರ ಪ್ರಶ್ನೆ ಬಾಯಿಪಾಠ ಮಾಡಿದವನು ಹೆರಿಗೆಶಾಸ್ತ್ರದ ಸೀಟಿಗೆ ಯೋಗ್ಯ ಎಂದು ಪರೀಕ್ಷೆ ಹೇಳುತ್ತದೆ. ಒಬ್ಬನು ಕುದುರೆಯ ಮೇಲೆ, ಇನ್ನೊಬ್ಬಳು ಹೊರೆ ಹೊತ್ತು. ಗೆರೆ ಮಾತ್ರ ಇಬ್ಬರಿಗೂ ಒಂದೇ. ಇದಕ್ಕೆ ಸಮಾನ ಸ್ಪರ್ಧೆ ಎಂದು ಹೆಸರು.

ಈ ಮಾತನ್ನು ನಾವು ಮಾತ್ರ ಹೇಳುತ್ತಿಲ್ಲ. 2022ರ ಜನವರಿಯಲ್ಲಿ ನೀಟ್ ಅಖಿಲ ಭಾರತ ಕೋಟಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಮೆರಿಟ್ಟು ಅಂದರೆ ಬರೀ ಪರೀಕ್ಷೆಯ ಅಂಕವಲ್ಲ, ಆ ಅಂಕದ ಹಿಂದೆ ಮನೆತನ, ದುಡ್ಡು, ಓದಿನ ವಾತಾವರಣಗಳ ಬೆಂಬಲವಿರುತ್ತದೆ ಎಂಬ ಅರ್ಥದ ಮಾತು ಹೇಳಿದೆ. ಅಖಿಲ ಭಾರತ ಕೋಟಾದ ಚರಿತ್ರೆಯನ್ನೂ ನೋಡಿ. ರಾಜ್ಯಗಳ ಸರ್ಕಾರಿ ಕಾಲೇಜುಗಳಿಂದ ಸೀಟು ಎತ್ತಿಕೊಂಡು 1986ರಲ್ಲಿ ಅದು ಶುರುವಾಯಿತು. ಅದರಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಬಂದದ್ದು 2007ರಲ್ಲಿ. ಹಿಂದುಳಿದವರಿಗೆ ಬಂದದ್ದು 2021ರಲ್ಲಿ. ಇಪ್ಪತ್ತು ವರ್ಷ ಆ ಸೀಟುಗಳಲ್ಲಿ ಓದಿದವರು ಇವತ್ತು ಪ್ರೊಫೆಸರುಗಳು, ವಿಭಾಗದ ಮುಖ್ಯಸ್ಥರು, ಪರೀಕ್ಷಕರು. ಹೋದ ಸೀಟು ಹೋಯಿತು, ಅದರ ಬಡ್ಡಿ ಇವತ್ತಿಗೂ ಬೆಳೆಯುತ್ತಿದೆ.

ಗರ್ಭಗುಡಿ ಮತ್ತು ಗಲ್ಲಾಪೆಟ್ಟಿಗೆ

1992ರಲ್ಲಿ ಮಂಡಲ್ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟು ಕೆಲವು ಜಾಗಗಳಲ್ಲಿ ಮೀಸಲಾತಿ ಸೂಕ್ತವಲ್ಲ ಎಂದು ಪಟ್ಟಿ ಮಾಡಿತು. ವೈದ್ಯಕೀಯದ ಸೂಪರ್ ಸ್ಪೆಷಾಲಿಟಿ ಅದರಲ್ಲಿತ್ತು. 1999ರಲ್ಲಿ ಪ್ರೀತಿ ಶ್ರೀವಾಸ್ತವ ಮೊಕದ್ದಮೆಯಲ್ಲಿ ಅದನ್ನೇ ಗಟ್ಟಿಮಾಡಿತು. 2013ರಲ್ಲಿ ಏಮ್ಸ್‌ನ ಅಧ್ಯಾಪಕ ಹುದ್ದೆಗಳ ವಿಷಯದಲ್ಲೂ ಅದೇ ರಾಗ ಹಾಡಿತು. ಹೀಗಾಗಿ ಡಿಎಂ, ಎಂಸಿಎಚ್ ಸೀಟುಗಳಲ್ಲಿ ಪರಿಶಿಷ್ಟ ಜಾತಿಗೂ ಇಲ್ಲ, ಪಂಗಡಕ್ಕೂ ಇಲ್ಲ, ಹಿಂದುಳಿದವರಿಗೂ ಇಲ್ಲ. 1930ರಲ್ಲಿ ಬಾಬಾಸಾಹೇಬರು ನಾಸಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಹೂಡಿದಾಗ ಪುರೋಹಿತರು ಹೇಳಿದ್ದೂ ಇದೇ: ಒಳಗೆ ಮಡಿ ಇದೆ, ಬರಬೇಡಿ. ಮಡಿ ಎಂಬ ಮಾತು ಹೋಗಿ ಗುಣಮಟ್ಟ ಎಂಬ ಮಾತು ಬಂದಿದೆ, ಅಷ್ಟೇ.

1999ರ ತೀರ್ಪಿನಲ್ಲಿ ಇನ್ನೊಂದು ಮಾತಿತ್ತು. ಪಿಜಿ ಪರೀಕ್ಷೆಯಲ್ಲಿ ಸಾಮಾನ್ಯರಿಗೆ ನೂರಕ್ಕೆ 45, ಪರಿಶಿಷ್ಟರಿಗೆ 20 ಎಂದು ಕನಿಷ್ಠ ಅಂಕ ಇಟ್ಟದ್ದು ತೀರಾ ಹೆಚ್ಚಿನ ಅಂತರ, ಒಪ್ಪಲಾಗದು ಎಂದರು. ಆಯಿತು. 2023ರ ಸೆಪ್ಟೆಂಬರಿಗೆ ಬನ್ನಿ. ಪಿಜಿ ಸೀಟುಗಳು ಖಾಲಿ ಬಿದ್ದಿವೆ ಎಂದು ಆ ವರ್ಷದ ನೀಟ್ ಪಿಜಿಯ ಅರ್ಹತೆಯ ಮಟ್ಟವನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಸೊನ್ನೆ! ಅಂದರೆ ಪರೀಕ್ಷೆಗೆ ಕೂತವರೆಲ್ಲ ಅರ್ಹರು. ದಲಿತನ 20 ದೇಶಕ್ಕೆ ಅಪಾಯವಾಗಿತ್ತು. ದುಡ್ಡಿದ್ದವನ ಸೊನ್ನೆ ದೇಶಕ್ಕೆ ಅಗತ್ಯವಾಯಿತು. ಯಾಕೆ ಅಂತೀರಾ? ಖಾಸಗಿ ಕಾಲೇಜುಗಳ ದುಬಾರಿ ಸೀಟುಗಳೂ ಆ ಖಾಲಿ ಸೀಟುಗಳಲ್ಲಿದ್ದವು. ರೇಡಿಯಾಲಜಿ, ಚರ್ಮರೋಗಗಳಿಗೆ ಮೂರು ವರ್ಷದ ಫೀಜು ಕೋಟಿ ದಾಟುವ ಕಡೆಗಳಿವೆ. ಸೊನ್ನೆ ಬಂದ ಬಡವನಿಗೆ ಆ ಅರ್ಹತೆಯನ್ನು ತೆಗೆದುಕೊಂಡು ಉಪ್ಪಿನಕಾಯಿ ಹಾಕಿಕೊಳ್ಳಬೇಕಷ್ಟೆ. ಸೊನ್ನೆ ಬಂದ ಧಣಿಯ ಮಗನಿಗೆ ಅದು ಅಂಗಡಿಯ ಬಾಗಿಲು.

ಈ ವ್ಯಾಪಾರಕ್ಕೆ ನಮ್ಮ ಕರ್ನಾಟಕ ಹಳೆಯ ಸಂತೆ. ಕ್ಯಾಪಿಟೇಷನ್ ಎಂಬ ಇಂಗ್ಲಿಷ್ ಪದ ನಮ್ಮ ಹಳ್ಳಿಯ ಗೌಡರ ಬಾಯಲ್ಲೂ ಕನ್ನಡವಾಗಿಹೋಗಿತ್ತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಮಾಡಿದ್ದೂ ನಮ್ಮ ರಾಜ್ಯವೇ, 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನಿಂದ ಛೀಮಾರಿ ಹಾಕಿಸಿಕೊಂಡದ್ದೂ ನಮ್ಮ ರಾಜ್ಯವೇ. 2005ರ 93ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 15ನೇ ವಿಧಿಯ 5ನೇ ಉಪವಿಧಿ ಸೇರಿತು. ಖಾಸಗಿ ಕಾಲೇಜುಗಳಲ್ಲೂ ಮೀಸಲಾತಿ ತರಲು ಅದು ಅಧಿಕಾರ ಕೊಡುತ್ತದೆ. ಆದರೆ ದೇಶದ ಎಲ್ಲ ಖಾಸಗಿ ಸಂಸ್ಥೆಗಳನ್ನೂ ಕಟ್ಟಿಹಾಕುವ ಕಾಯ್ದೆಯನ್ನು ಪಾರ್ಲಿಮೆಂಟು ಮಾಡಲಿಲ್ಲ. ಕೀಲಿ ಕೊಟ್ಟರು, ಬೀಗ ತೆಗೆಯಲಿಲ್ಲ.

ಸಮುದ್ರದ ಆಚೆಯ ಅಣ್ಣತಮ್ಮಂದಿರು

1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರುಗಳು ತಮ್ಮ ಹೆಸರನ್ನು ಅಮೆರಿಕದ ಕಪ್ಪು ಜನರ ಪ್ಯಾಂಥರ್ ಪಕ್ಷದಿಂದ ತೆಗೆದುಕೊಂಡರು. ನೋವು ಒಂದೇ ಆದದ್ದರಿಂದ ಹೆಸರೂ ಒಂದಾಯಿತು. ವೈದ್ಯ ಕಾಲೇಜಿನ ಹೆಸರಿನ ಆಟದಲ್ಲೂ ಆ ನೆಂಟಸ್ತನ ಇದೆ.

1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬಾತ ಅಮೆರಿಕದ ವೈದ್ಯ ಕಾಲೇಜುಗಳ ಮೇಲೆ ವರದಿ ಬರೆದ. ಗುಣಮಟ್ಟ ಏರಿಸಬೇಕು, ಕಳಪೆ ಕಾಲೇಜುಗಳನ್ನು ಮುಚ್ಚಬೇಕು ಎಂದ. ಆಗ ಕಪ್ಪು ಜನರ ವೈದ್ಯ ಕಾಲೇಜುಗಳು ಏಳಿದ್ದವು. ಮುಂದಿನ ಹದಿನೈದು ವರ್ಷದೊಳಗೆ ಐದು ಮುಚ್ಚಿದವು. ಉಳಿದದ್ದು ಹೋವರ್ಡ್, ಮೆಹಾರಿ ಎರಡೇ. ಬಿಳಿಯರ ಕಾಲೇಜುಗಳಿಗೆ ದಾನಿಗಳ ದುಡ್ಡು ಹರಿದು ಬಂತು, ಹೆಸರು ಬಂತು. ಗುಣಮಟ್ಟ ಎಂಬ ಮಾತಿನ ಹೊಡೆತ ಎಲ್ಲಿ ಬೀಳುತ್ತದೆ ನೋಡಿದಿರಾ?

ಅಲ್ಲಿ ತಜ್ಞರಾಗುವುದಕ್ಕೆ ನಮ್ಮಲ್ಲಿರುವಂತೆ ಬರೀ ರ‍್ಯಾಂಕಿನ ಪಟ್ಟಿಯಿಲ್ಲ. ಆಸ್ಪತ್ರೆಗಳು ಅರ್ಜಿ ನೋಡಿ, ಶಿಫಾರಸು ಪತ್ರ ಓದಿ, ಸಂದರ್ಶನ ಮಾಡಿ ಆರಿಸುತ್ತವೆ. ಚರ್ಮರೋಗ, ಪ್ಲಾಸ್ಟಿಕ್ ಸರ್ಜರಿ, ಮಿದುಳಿನ ಶಸ್ತ್ರಕ್ರಿಯೆಗಳಿಗೆ ನೂಕುನುಗ್ಗಲು. ಸ್ಟೆಪ್ 1 ಎಂಬ ಪರೀಕ್ಷೆಯ ಅಂಕ ಎಲ್ಲರಿಗೂ ಒಂದು ಅಳತೆಗೋಲಾಗಿತ್ತು. 2022ರ ಜನವರಿಯಿಂದ ಅದರಲ್ಲಿ ಅಂಕ ಕೊಡುವುದನ್ನು ಬಿಟ್ಟು ಪಾಸು ಫೇಲು ಮಾತ್ರ ಹೇಳುವುದೆಂದಾಯಿತು. ಹುಡುಗರ ಮೇಲಿನ ಹೊರೆ ಇಳಿಯಲಿ ಎಂಬುದು ಉದ್ದೇಶ. ಆದರೆ ಇನ್ನು ಮುಂದೆ ಓದಿದ ಕಾಲೇಜಿನ ಹೆಸರು ಹೆಚ್ಚು ತೂಗುತ್ತದೆ ಎಂದು ಆರಿಸುವ ವೈದ್ಯರಲ್ಲಿ ಅನೇಕರು ಸಮೀಕ್ಷೆಗಳಲ್ಲಿ ಹೇಳಿಕೊಂಡರು. ಜಾಣ ವಿದ್ಯಾರ್ಥಿಗಳ ಆಲ್ಫಾ ಒಮೆಗಾ ಆಲ್ಫಾ ಎಂಬ ಗೌರವ ಸಂಘ ಅಲ್ಲಿದೆ. ಅದರ ಸದಸ್ಯತ್ವ ಇದ್ದರೆ ಅರ್ಜಿಗೆ ಬಲ. ಕಪ್ಪು ವಿದ್ಯಾರ್ಥಿಗಿಂತ ಬಿಳಿ ವಿದ್ಯಾರ್ಥಿ ಅದರಲ್ಲಿ ಸೇರುವ ಸಂಭವ ಸುಮಾರು ಆರು ಪಟ್ಟು ಹೆಚ್ಚು ಎಂದು 2017ರ ಒಂದು ಅಧ್ಯಯನ ತೋರಿಸಿತು, ಅದೂ ಅಂಕಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ!

ಇದರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಪರೀಕ್ಷೆ ಇದ್ದರೆ ದುಡ್ಡು ಗೆಲ್ಲುತ್ತದೆ, ಪರೀಕ್ಷೆ ತೆಗೆದರೆ ಹೆಸರು ಗೆಲ್ಲುತ್ತದೆ. ಆದ್ದರಿಂದ ನೀಟ್ ಬೇಕೋ ಬೇಡವೋ ಎಂಬ ಜಗಳದಲ್ಲೇ ನಮ್ಮ ಹುಡುಗರು ಉಸಿರು ಕಳೆದುಕೊಳ್ಳಬಾರದು. ಅಳತೆಗೋಲು ಯಾವುದಾದರೂ ಆಗಲಿ, ಅದನ್ನು ಹಿಡಿದ ಕೈ ಯಾವುದು ಎಂದು ಕೇಳಬೇಕು.

ಒಳಗೆ ಹೋದ ಮೇಲೆ

ಎಲ್ಲ ಬಾಗಿಲು ದಾಟಿ ಒಳಗೆ ಹೋದವರ ಗತಿ ಏನು? ಡಾಕ್ಟರ್ ಪಾಯಲ್ ತಡವಿ ಮಹಾರಾಷ್ಟ್ರದ ಆದಿವಾಸಿ ಭಿಲ್ ಮುಸ್ಲಿಂ ಹೆಣ್ಣುಮಗಳು. ಮುಂಬಯಿಯ ದೊಡ್ಡ ಮುನ್ಸಿಪಲ್ ಕಾಲೇಜಿನಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಪಿಜಿ ವಿದ್ಯಾರ್ಥಿನಿ. 2019ರ ಮೇ 22ರಂದು ಜೀವ ಕಳೆದುಕೊಂಡರು. ಜಾತಿ ಹಿಡಿದು, ಮೀಸಲಾತಿ ಹಿಡಿದು ಹೀಯಾಳಿಸಿದರು, ಹೆರಿಗೆ ಮಾಡಿಸಲು ಬಿಡುತ್ತಿರಲಿಲ್ಲ ಎಂಬ ಆರೋಪದ ಮೇಲೆ ಮೂವರು ಹಿರಿಯ ವೈದ್ಯೆಯರ ವಿರುದ್ಧ ಮೊಕದ್ದಮೆ ಹೂಡಲಾಯಿತು. ಕೋರ್ಟು ಏನು ಹೇಳುತ್ತದೋ ಹೇಳಲಿ. ನಮ್ಮ ಮಾತು ಇಷ್ಟು: ತಜ್ಞತೆ ಅನ್ನುವುದು ಪುಸ್ತಕದಿಂದ ಬರುವುದಲ್ಲ, ಕೈಯಿಂದ ಬರುವುದು. ಆ ಕೈಗೆ ಕತ್ತರಿ ಕೊಡುವವರು ಹಿರಿಯರು. ಕೊಡದೆ ಇದ್ದರೆ ಯಾವ ಕಾನೂನಿನಲ್ಲಿ ಕೇಳುವುದು? ದ್ರೋಣನ ಕಾಲದಲ್ಲಿ ಹೆಬ್ಬೆರಳು ಕೇಳುತ್ತಿದ್ದರು. ಈಗ ಕೇಳುವುದಿಲ್ಲ, ಹೆಬ್ಬೆರಳಿಗೆ ಕೆಲಸವನ್ನೇ ಕೊಡುವುದಿಲ್ಲ. ಪಾಯಲ್ ತಾಯಿ, 2016ರಲ್ಲಿ ತೀರಿಕೊಂಡ ರೋಹಿತ್ ವೇಮುಲನ ತಾಯಿ, ಇಬ್ಬರೂ ಜೊತೆಯಾಗಿ 2019ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಇಬ್ಬರು ತಾಯಂದಿರು ಸತ್ತ ಮಕ್ಕಳ ಫೋಟೋ ಹಿಡಿದು ಕೇಳಬೇಕಾದದ್ದನ್ನು ಬದುಕಿರುವ ನಾವು ಮೊದಲೇ ಕೇಳಬೇಕಿತ್ತಲ್ಲವೇ?

ಹೃದಯದ ಆಪರೇಷನ್ ಅಂದರೆ ಹುಡುಗಾಟವೇ, ರೋಗಿಯ ಜೀವದ ಪ್ರಶ್ನೆ ಎಂದು ಹೆದರಿಸುವವರಿಗೆ ಒಂದು ಉತ್ತರ ಕೊಟ್ಟು ಮುಂದೆ ಹೋಗೋಣ. ಮೀಸಲಾತಿ ಇರುವುದು ಒಳಗೆ ಹೋಗುವ ಬಾಗಿಲಲ್ಲಿ, ಹೊರಗೆ ಬರುವ ಬಾಗಿಲಲ್ಲಲ್ಲ. ಎಂಡಿ ಪರೀಕ್ಷೆ ಪಾಸಾಗುವ ಅಂಕ ಬ್ರಾಹ್ಮಣನಿಗೂ ಮಾದಿಗನಿಗೂ ಒಂದೇ. ರೋಗಿಯ ಜೀವ ಅಷ್ಟು ದೊಡ್ಡದಾದರೆ ಸೊನ್ನೆ ಪರ್ಸೆಂಟೈಲಿನ ದಿನ ನಿಮ್ಮ ಪೊರಕೆ, ಬೂಟು ಪಾಲಿಶ್ ಡಬ್ಬಿ ಎಲ್ಲಿ ಹೋಗಿದ್ದವು? 2019ರಲ್ಲಿ ಮೇಲ್ಜಾತಿಯ ಬಡವರಿಗೆ ನೂರಕ್ಕೆ 10 ಬಂದ ದಿನ ಮೆರಿಟ್ಟು ಯಾವ ಊರಿಗೆ ಹೋಗಿತ್ತು?

ನಾವು ಕೇಳುವುದು

ಗೆಳೆಯರೇ, ಬೈದರೆ ಸಾಲದು. ಕೇಳಬೇಕಾದ್ದನ್ನು ಗಂಟಲು ತೆರೆದು ಕೇಳಬೇಕು.

ಸೂಪರ್ ಸ್ಪೆಷಾಲಿಟಿ ಸೀಟುಗಳಲ್ಲಿ ಪರಿಶಿಷ್ಟರಿಗೂ ಹಿಂದುಳಿದವರಿಗೂ ಪಾಲು ಬೇಕು. ಕೋರ್ಟು ಅಡ್ಡ ಬಂದರೆ ಪಾರ್ಲಿಮೆಂಟು ಸಂವಿಧಾನ ತಿದ್ದಲಿ. 1951ರಲ್ಲಿ ಮದರಾಸಿನ ವೈದ್ಯ ಸೀಟಿನ ಪ್ರಶ್ನೆಯಲ್ಲಿ, ಅರ್ಜಿಯನ್ನೇ ಹಾಕಿರದ ಒಬ್ಬಾಕೆಯ ದೂರಿನ ಮೇಲೆ ಸುಪ್ರೀಂ ಕೋರ್ಟು ಮೀಸಲಾತಿ ಆಜ್ಞೆಯನ್ನು ಹೊಡೆದುಹಾಕಿದಾಗ, ಅದೇ ವರ್ಷ ಮೊದಲ ತಿದ್ದುಪಡಿ ತಂದವರು ನಾವೇ ಅಲ್ಲವೇ? ಆಗ ಆದದ್ದು ಈಗ ಯಾಕಾಗದು?

ಮನೆಮಕ್ಕಳ ಆದ್ಯತೆ ಇರುವ ಪ್ರತಿಯೊಂದು ಸಂಸ್ಥೆಯೂ ಆ ಆದ್ಯತೆಯಲ್ಲಿ ಸೀಟು ಪಡೆದ ಕೊನೆಯವರ ಅಂಕವನ್ನೂ, ಸೀಟು ಸಿಗದ ಪರಿಶಿಷ್ಟರಲ್ಲಿ ಮೊದಲನೆಯವರ ಅಂಕವನ್ನೂ ಪಕ್ಕಪಕ್ಕದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಅವಮಾನ ಯಾರಿಗಾಗುತ್ತದೋ ನೋಡೇಬಿಡೋಣ.

ಖಾಸಗಿ ಕಾಲೇಜು, ಡೀಮ್ಡ್ ವಿಶ್ವವಿದ್ಯಾಲಯಗಳ ಪಿಜಿ ಸೀಟುಗಳಿಗೂ 15ನೇ ವಿಧಿಯ 5ನೇ ಉಪವಿಧಿಯಂತೆ ಕಾಯ್ದೆ ಬರಲಿ. ಫೀಜನ್ನು ಸರ್ಕಾರ ಕಟ್ಟಲಿ.

ಹಳ್ಳಿಯ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದ ಸರ್ಕಾರಿ ವೈದ್ಯರಿಗೆ ಮೇಲಿನ ಓದಿನಲ್ಲಿ ಪಾಲು ಇರಲಿ. ತಮಿಳುನಾಡು ಸೂಪರ್ ಸ್ಪೆಷಾಲಿಟಿ ಸೀಟುಗಳಲ್ಲಿ ಅರ್ಧವನ್ನು ಸೇವೆಯಲ್ಲಿರುವ ವೈದ್ಯರಿಗೆ ಇಟ್ಟಿತು, 2022ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಅಡ್ಡ ಬರಲಿಲ್ಲ. ಕರ್ನಾಟಕ ಯಾರ ಅಪ್ಪಣೆಗೆ ಕಾಯುತ್ತಿದೆ?

ಪಿಜಿ ವಿಭಾಗಗಳಲ್ಲಿ ಯಾರಿಗೆ ಎಷ್ಟು ಆಪರೇಷನ್, ಎಷ್ಟು ಹೆರಿಗೆ ಮಾಡಲು ಕೊಟ್ಟರು ಎಂಬ ಪುಸ್ತಕ ಇರಲಿ, ಅದನ್ನು ಹೊರಗಿನವರು ತಪಾಸಣೆ ಮಾಡಲಿ.

ಇನ್ನು ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಶಾಲೆಯ ಚುರುಕು ಹುಡುಗಿಗೆ 'ಡಾಕ್ಟರಾಗು' ಎಂದು ಮಾತ್ರ ಹೇಳಬೇಡಿ. ಮೂರು ಬಾಗಿಲುಗಳ ಲೆಕ್ಕ ಹೇಳಿ. ಯಾವ ಬಾಗಿಲಲ್ಲಿ ಯಾವ ಪರೀಕ್ಷೆ, ಯಾವ ಕೋಟಾ, ಯಾವ ಸ್ಕಾಲರ್‌ಶಿಪ್ಪು, ಯಾವ ಮೋಸ ಇದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿ. ಉಳ್ಳವರ ಮನೆಗಳಲ್ಲಿ ಇದನ್ನು ಊಟ ಮಾಡುವಾಗಲೇ ಹೇಳಿಕೊಡುತ್ತಾರೆ. ನಮ್ಮ ಮಕ್ಕಳಿಗೆ ಹೇಳಿಕೊಡುವ ಅಡುಗೆಮನೆ ನಿಮ್ಮ ಕ್ಲಾಸೇ.

ವಿದ್ಯಾರ್ಥಿ ಗೆಳೆಯರಿಗೆ ಇನ್ನೊಂದು. ನಿಮ್ಮಲ್ಲಿ ಯಾರಾದರೂ ಆ ದೊಡ್ಡ ಹೆಸರಿನ ಕಾಲೇಜಿನೊಳಗೆ ಹೋದರೆ, ಆ ಹೆಸರನ್ನು ಜನಿವಾರದ ಹಾಗೆ ಹಾಕಿಕೊಂಡು ಊರಿಗೆ ಬರಬೇಡಿ. ಬಾಗಿಲ ಕೀಲಿ ಎಲ್ಲಿಟ್ಟಿದ್ದಾರೆ ಎಂದು ನೋಡಿಕೊಂಡು ಬನ್ನಿ. ಗುಡಿಯಲ್ಲಿ ದೇವರಿಲ್ಲ ಎಂದು ನಾವು ಎಂದೋ ಅರಿತವರು. ಆಸ್ಪತ್ರೆಯಲ್ಲಿ ಮಾತ್ರ ಜೀವ ಇದೆ. ಅದಕ್ಕೇ ಈ ಗರ್ಭಗುಡಿಯನ್ನು ಬಿಟ್ಟುಕೊಡುವುದಿಲ್ಲ.